ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ, ರಿಪೋರ್ಟ್ ತಡವಾಗುತ್ತಿದೆ. ಏನೋ ಕೆಟ್ಟದ್ದು ಸಿಕ್ಕಿದೆ ಅಂತಲಾ?

ಅಲ್ಲ. ರಿಪೋರ್ಟ್ ತಡವಾದ ಮಾತ್ರಕ್ಕೆ ಕೆಟ್ಟ ಸುದ್ದಿ ಕಾದಿದೆ ಅಂತಲ್ಲ. ನಿಮ್ಮದು ಶುರುವಿನ ಹಂತ, ಗಂಟು ಮಾತ್ರ ತೆಗೆದಿದ್ದಾರೆ, ಹರಡಿದೆಯಾ ಅಂತ ನೋಡಲು ಜೊತೆಗೆ ಕಂಕುಳಿನ ಎರಡು ಗ್ರಂಥಿ. ಒಂದು ವಾರ ಅಂದವರು ಈಗ ‘ಇನ್ನೊಂದು ಟೆಸ್ಟ್ ಬಾಕಿ ಇದೆ’ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನನಗೂ ಇದೇ ಆಪರೇಷನ್ ಆಗಿತ್ತು. ಆಮೇಲೆ ನನಗೂ ಇದೇ ಮಾತು ಹೇಳಿದ್ದರು.

ಲ್ಯಾಬಿನಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದ ಮೇಲೆ ನನ್ನ ಗಾಬರಿ ಸ್ವಲ್ಪ ಇಳಿಯಿತು. ತೆಗೆದ ಗಂಟಿನ ಹೊರಮೈಗೆ ಶಾಯಿ ಬಳಿಯುತ್ತಾರೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಆ ಫಾರ್ಮಲಿನ್ ಕೆಲಸಕ್ಕೇ ಕನಿಷ್ಠ 6 ಗಂಟೆ ಬೇಕು, ಅದನ್ನು ಯಾರೂ ಅವಸರಿಸುವ ಹಾಗಿಲ್ಲ. ಸುತ್ತಲಿನ ಅಂಗಾಂಶಕ್ಕೆ ಹಬ್ಬಿದ ಕ್ಯಾನ್ಸರ್ ಆಗಿದ್ದರೆ, ಕ್ಯಾನ್ಸರ್ ಕಣಗಳು ಆ ಶಾಯಿಯನ್ನು ಮುಟ್ಟಿರಬಾರದು. ಅಷ್ಟಿದ್ದರೆ ‘ಮಾರ್ಜಿನ್ ಕ್ಲಿಯರ್’, ಅಂದರೆ ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಮುಟ್ಟಿದ್ದರೆ ಇನ್ನೊಂಚೂರು ತೆಗೆಯಲು ಮತ್ತೆ ಕರೆಯಬಹುದು. ಕೇಳಲು ಬೇಜಾರು, ನಿಜ. ಆದರೆ ಅದು ಬೇರೆ ಕಡೆ ಹರಡಿದೆ ಅಂತಲ್ಲ.

ಬಾಕಿ ಇರುವ ಟೆಸ್ಟ್ ಹರ್-2 ಬಗ್ಗೆ ಇರಬಹುದು. ಅದು ಕ್ಯಾನ್ಸರ್ ಕಣಗಳನ್ನು ಬೆಳೆಸುವ ಒಂದು ಪ್ರೋಟೀನ್. ಅದಕ್ಕೆ 0ಯಿಂದ 3ರವರೆಗೆ ಸ್ಕೋರ್ ಕೊಡುತ್ತಾರೆ. 0, 1 ಬಂದರೆ ನೆಗೆಟಿವ್, 3 ಬಂದರೆ ಪಾಸಿಟಿವ್. 2 ಬಂದರೆ ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಆಗ ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಮಾಡಿಸುತ್ತಾರೆ. ನನ್ನದು ತಡವಾಗಿದ್ದು ಇದಕ್ಕೇ.

ಹಾರ್ಮೋನ್ ಪಾಸಿಟಿವ್ (ಅಂದರೆ ದೇಹದ ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್), ಹರ್-2 ನೆಗೆಟಿವ್ ಬಂದರೆ ಕೆಲವರಿಗೆ 21 ಜೀನ್‌ಗಳನ್ನು ನೋಡುವ ಟೆಸ್ಟ್ ಕೂಡ ಹೇಳುತ್ತಾರೆ. ಅದಕ್ಕೆ ಮತ್ತೆ ಕಾಯಬೇಕು. ನನ್ನ ಪ್ರಕಾರ ಆ ಕಾಯುವಿಕೆ ದಂಡವಲ್ಲ. 50 ದಾಟಿದ, ಗ್ರಂಥಿಗೆ ಹರಡದ ಹೆಂಗಸರಿಗೆ ಈ ಜೀನ್ ಟೆಸ್ಟಿನ ಸ್ಕೋರ್ 25ರ ಒಳಗಿದ್ದರೆ ಕಿಮೋದಿಂದ ಹೆಚ್ಚಿನ ಲಾಭವಿಲ್ಲ ಅಂತ 2018ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ತೋರಿಸಿತು. ಎಷ್ಟೋ ಜನರಿಗೆ ಕಿಮೋ ತಪ್ಪಿದ್ದು ಹೀಗೆ.

ರಿಪೋರ್ಟ್ ಮೊಬೈಲಿಗೆ ಬಂದರೂ ಒಬ್ಬರೇ ಕೂತು ಓದಬೇಡಿ. ನನ್ನದರಲ್ಲಿ ‘ಗ್ರೇಡ್ 3’ ಅಂತಿತ್ತು. ಮೂರನೇ ಸ್ಟೇಜ್ ಅಂದುಕೊಂಡು ನಮ್ಮಕ್ಕ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಬಿಟ್ಟಳು. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಕಣಗಳು ನೋಡಲು ಸಹಜ ಕಣಗಳಿಗಿಂತ ಎಷ್ಟು ಬೇರೆಯಾಗಿವೆ, ಎಷ್ಟು ಚುರುಕಾಗಿ ಬೆಳೆಯುತ್ತಿವೆ ಅನ್ನುವುದು ಗ್ರೇಡ್. ಎಷ್ಟು ದೂರ ಹೋಗಿದೆ ಅನ್ನುವುದು ಸ್ಟೇಜ್. ನನ್ನದು ಗ್ರೇಡ್ 3, ಸ್ಟೇಜ್ 1.

ಈ ದಿನಗಳಲ್ಲಿ ಮೈಯಲ್ಲಿ ಆಗುವ ಪ್ರತಿಯೊಂದೂ ಹೆದರಿಸುತ್ತದೆ, ಅಲ್ವಾ? ತೋಳಿನ ಒಳಭಾಗ ಜೋಮು ಹಿಡಿದ ಹಾಗಿರುವುದು, ಆಗಾಗ ಚುಳ್ ಅನ್ನುವುದು, ಕಂಕುಳಲ್ಲಿ ನೀರು ತುಂಬಿ ಊದುವುದು ಈ ಆಪರೇಷನ್ ಆದಮೇಲೆ ಸಾಮಾನ್ಯ. ಜ್ವರ ಬಂದರೆ, ಗಾಯ ಕೆಂಪಾದರೆ, ಊತ ಜಾಸ್ತಿಯಾಗುತ್ತಾ ಹೋದರೆ ಮಾತ್ರ ತಡ ಮಾಡದೆ ಫೋನ್ ಮಾಡಿ. ಡಾಕ್ಟರ್ ಹೇಳಿದ ತೋಳಿನ ವ್ಯಾಯಾಮ ಬಿಡಬೇಡಿ. ನಾನು ಗೋಡೆಯ ಮೇಲೆ ಬೆರಳು ನಡೆಸಿ, ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ರಿಪೋರ್ಟ್ ನನ್ನ ಕೈಯಲ್ಲಿರಲಿಲ್ಲ, ಆ ಗೆರೆ ನನ್ನ ಕೈಯಲ್ಲಿತ್ತು. ‘ರಿಪೋರ್ಟ್ ಬಂತಾ?’ ಅಂತ ಕೇಳುವವರ ಫೋನ್‌ಗಳನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿಬಿಡಿ.

ನಾಳೆ ಆಸ್ಪತ್ರೆಗೆ ಫೋನ್ ಮಾಡಿದಾಗ ‘ರಿಪೋರ್ಟ್ ಬಂತಾ’ ಅಂತ ಸುಮ್ನೆ ಕೇಳಬೇಡಿ. ಯಾವ ಟೆಸ್ಟ್ ಬಾಕಿ ಇದೆ, ಮಾರ್ಜಿನ್ ಮತ್ತು ಗ್ರಂಥಿಗಳ ಫಲಿತಾಂಶ ಸಿದ್ಧವಿದೆಯಾ, ಇದ್ದರೆ ಅಷ್ಟನ್ನಾದರೂ ಡಾಕ್ಟರ್ ಈಗಲೇ ಹೇಳಬಹುದಾ ಅಂತ ಕೇಳಿ. ನನಗೆ ಹಾಗೇ ಹೇಳಿದ್ದರು.