ಹೆಸರು ಬದಲಿಸಿದರೂ ಗಿಟ್‌ಗೆ ಕಾಣದ ಫೈಲ್

ಪ್ರಶ್ನೆ: ವಿಂಡೋಸ್ ಗಣಕದಲ್ಲಿ ‘ಯೂಸರ್’ ಎಂಬ ಫೈಲಿನ ಮೊದಲಕ್ಷರವನ್ನು ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೆ ಬದಲಿಸಿ, ಅದನ್ನು ಇಂಪೋರ್ಟ್ ಮಾಡುವ ಸಾಲುಗಳನ್ನೂ ತಿದ್ದಿ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನಲ್ಲಿ ಕಮಿಟ್ ಮಾಡಿದೆ (ದಾಖಲಿಸಿದೆ). ನನ್ನಲ್ಲಿ ಎಲ್ಲವೂ ಸರಿಯಾಗಿದೆ. ಲಿನಕ್ಸ್ ಸರ್ವರಿನಲ್ಲಿ ಮಾತ್ರ ಫೈಲ್ ಸಿಗಲಿಲ್ಲವೆಂದು ಬಿಲ್ಡ್ ನಿಲ್ಲುತ್ತದೆ. ಗಿಟ್‌ನ ‘ಕೋರ್.ಇಗ್ನೋರ್‌ಕೇಸ್’ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಸಾಕೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಆ ಸೆಟ್ಟಿಂಗ್ ನಿಮ್ಮ ಡಿಸ್ಕಿನ ಸ್ವಭಾವ ಎಂಥದ್ದೆಂದು ಗಿಟ್ ಬರೆದಿಟ್ಟುಕೊಂಡ ಟಿಪ್ಪಣಿ. ರೆಪಾಸಿಟರಿಯನ್ನು (ಗಿಟ್ ನೋಡಿಕೊಳ್ಳುವ ಕೋಡಿನ ಸಂಗ್ರಹವನ್ನು) ಹೊಸದಾಗಿ ಸೃಷ್ಟಿಸುವಾಗ ಅಥವಾ ಕ್ಲೋನ್ (ನಕಲು) ಮಾಡುವಾಗ ಗಿಟ್ ತನ್ನದೇ ‘ಕಾನ್ಫಿಗ್’ ಫೈಲನ್ನು ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೆರೆಸಿ ಬರೆದ ಹೆಸರಿನಿಂದ ಒಮ್ಮೆ ಹುಡುಕಿ ನೋಡುತ್ತದೆ. ಸಿಕ್ಕಿದರೆ, ಈ ಡಿಸ್ಕಿಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಎಂದು ತಿಳಿದು ‘ಟ್ರೂ’ ಎಂದು ದಾಖಲಿಸುತ್ತದೆ. ಈ ಸಣ್ಣ ಪರೀಕ್ಷೆಯ ಜಾಣತನ ನನಗೆ ಬಹಳ ಇಷ್ಟ. ವಿಂಡೋಸಿನಲ್ಲಿಯೂ ಮ್ಯಾಕ್‌ನಲ್ಲಿಯೂ ಸಾಮಾನ್ಯವಾಗಿ ಸಿಗುವ ಉತ್ತರ ಅದೇ.

ನೀವು ಹೆಸರು ಬದಲಿಸಿದಾಗ ಡಿಸ್ಕಿನಲ್ಲಿ ಹೊಸ ಹೆಸರು ಬಿತ್ತು. ಆದರೆ ಈ ಟಿಪ್ಪಣಿಯನ್ನು ನಂಬಿದ ಗಿಟ್, ತನ್ನ ಇಂಡೆಕ್ಸಿನಲ್ಲಿರುವ (ಮುಂದಿನ ಕಮಿಟ್‌ಗೆ ಸೇರುವ ಫೈಲುಗಳ ಪಟ್ಟಿಯಲ್ಲಿರುವ) ಹಳೆಯ ಹೆಸರಿನ ಫೈಲೇ ಇದು ಎಂದುಕೊಂಡು ಸುಮ್ಮನಾಯಿತು. ಸರ್ವರಿಗೆ ಹೋದದ್ದು ಹಳೆಯ ಹೆಸರು, ತಿದ್ದಿದ ಇಂಪೋರ್ಟ್ ಕೇಳುವುದು ಹೊಸದನ್ನು. ಲಿನಕ್ಸಿಗೆ ಇವೆರಡೂ ಬೇರೆ ಬೇರೆ ಹೆಸರುಗಳು.

ಈಗ ಫಾಲ್ಸ್ ಮಾಡಿದರೆ ಗಿಟ್‌ಗೆ ಹೊಸ ಹೆಸರು ಹೊಸ ಫೈಲಾಗಿ ಕಾಣುತ್ತದೆ. ಹಳೆಯ ಹೆಸರಿನಿಂದ ಕೇಳಿದರೂ ವಿಂಡೋಸ್ ‘ಇದೆ’ ಎನ್ನುವುದರಿಂದ ಅದು ಅಳಿದಂತೆ ಕಾಣುವುದಿಲ್ಲ. ‘ಆ್ಯಡ್’ ಮಾಡಿದೊಡನೆ ಇಂಡೆಕ್ಸಿನಲ್ಲಿ ಎರಡು ಹೆಸರು, ಡಿಸ್ಕಿನಲ್ಲಿ ಒಂದೇ ಫೈಲ್. ಲಿನಕ್ಸಿನವರಿಗೆ ಮಾತ್ರ ನಿಜವಾಗಿಯೂ ಎರಡು ಫೈಲುಗಳು ಸಿಗುತ್ತವೆ, ಅವುಗಳಲ್ಲೊಂದು ಹಳಸುತ್ತಾ ಹೋಗುತ್ತದೆ.

ಸರಿಯಾದ ದಾರಿ, ಗಿಟ್ ಮೂಲಕವೇ ಹೆಸರು ಬದಲಿಸುವ ‘ಗಿಟ್ ಎಂವಿ’ ಆದೇಶ. ಅಕ್ಷರದ ಗಾತ್ರವಷ್ಟೇ ಬದಲಾಗುವ ಫೈಲುಗಳಿಗೆ 2014ರಿಂದ ಇದು ನೇರವಾಗಿ ನಡೆಯುತ್ತದೆ. ನೀವು ಈಗಾಗಲೇ ಡಿಸ್ಕಿನಲ್ಲಿ ಬದಲಿಸಿರುವುದರಿಂದ ಮೊದಲು ಹಳೆಯ ಹೆಸರಿಗೆ ಮರಳಿಸಿ, ಆಮೇಲೆ ಈ ಆದೇಶ ಕೊಡಿ. ಫೋಲ್ಡರ್ ಆಗಿದ್ದರೆ ನಡುವೆ ಒಂದು ತಾತ್ಕಾಲಿಕ ಹೆಸರಿಟ್ಟು ಎರಡು ಹೆಜ್ಜೆಗಳಲ್ಲಿ ಬದಲಿಸಿ. ಕಮಿಟ್‌ಗೆ ಮುನ್ನ ‘ಗಿಟ್ ಎಲ್‌ಎಸ್-ಫೈಲ್ಸ್’ ಕೊಟ್ಟು ನೋಡಿ. ಗಿಟ್ ನೆನಪಿಟ್ಟುಕೊಂಡಿರುವ ಹೆಸರು ಅಲ್ಲಿ ಕಾಣುತ್ತದೆ, ಎಕ್ಸ್‌ಪ್ಲೋರರಿನಲ್ಲಿ ಕಾಣುವುದನ್ನು ನಂಬಬೇಡಿ.

ಇದು ಹೊಸಬರ ತಪ್ಪೆಂದು ಬೇಸರಪಡಬೇಕಾಗಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ, ಜಾಲದ ದತ್ತಾಂಶದ ತುಣುಕುಗಳನ್ನು (ಪ್ಯಾಕೆಟ್‌ಗಳನ್ನು) ಸೋಸುವ ನೆಟ್‌ಫಿಲ್ಟರ್ ವಿಭಾಗದಲ್ಲಿಯೇ ಅಕ್ಷರದ ಗಾತ್ರವೊಂದರಿಂದಲೇ ಬೇರೆಯಾಗುವ ಜೋಡಿ ಫೈಲುಗಳಿವೆ: ಪ್ಯಾಕೆಟ್ಟನ್ನು ಗುರುತಿಸುವುದಕ್ಕೆ ಸಣ್ಣಕ್ಷರ, ಅದರ ಮೇಲೆ ಕ್ರಮ ಕೈಗೊಳ್ಳುವುದಕ್ಕೆ ದೊಡ್ಡಕ್ಷರ. ಅದನ್ನು ವಿಂಡೋಸಿನಲ್ಲಿ ಕ್ಲೋನ್ ಮಾಡಿದರೆ ಪ್ರತಿ ಜೋಡಿಯಲ್ಲಿ ಒಂದೇ ಉಳಿಯುತ್ತದೆ, 2018ರ 2.20ನೆಯ ಆವೃತ್ತಿಯಿಂದ ಗಿಟ್ ಹೀಗಾದಾಗ ಎಚ್ಚರಿಕೆಯನ್ನಾದರೂ ಕೊಡುತ್ತದೆ.