ಲಟ್ಟಣಿಗೆ ಹಿಡಿದು ಬೀದಿಗಿಳಿದ ಮುಂಬೈ ಹೆಂಗಸರ ಹಿಂದೆ ಯಾವ ಪಕ್ಷ ಇತ್ತು?

ಒಂದೇ ಪಕ್ಷ ಅಲ್ಲ. 1972ರಲ್ಲಿ ಮಹಾರಾಷ್ಟ್ರಕ್ಕೆ ಭೀಕರ ಬರ ಬಂದಿತ್ತು. ಧಾನ್ಯ, ಸಕ್ಕರೆ, ಅಡುಗೆ ಎಣ್ಣೆ ಎಲ್ಲದರ ಬೆಲೆಯೂ ಏರಿತು. ಆಗ ಮುಂಬೈಯಲ್ಲಿ ಬೆಲೆ ಏರಿಕೆ ವಿರುದ್ಧ ಮಹಿಳೆಯರ ಜಂಟಿ ಸಮಿತಿ ಹುಟ್ಟಿತು. ಸಮಾಜವಾದಿ ಮೃಣಾಲ್ ಗೋರೆ, ಸಿಪಿಎಂನ ಅಹಿಲ್ಯಾ ರಾಂಗ್ಣೇಕರ್ ಅದರ ಮುಂದಾಳುಗಳು. ಸಂಘಟನೆ ಪಕ್ಷಗಳದ್ದೇ, ಆದರೆ ಬೀದಿಯಲ್ಲಿ ಕಂಡಿದ್ದು ಬಾವುಟಕ್ಕಿಂತ ಲಟ್ಟಣಿಗೆ ಜಾಸ್ತಿ. ಆ ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತಾ ಸಾವಿರಾರು ಹೆಂಗಸರು ಹೊರಟರು. ನನಗೆ ಜಾಣತನ ಕಾಣುವುದು ಇಲ್ಲೇ. ಯಾವತ್ತೂ ಮೆರವಣಿಗೆಗೆ ಹೋಗದವಳಿಗೂ ಆ ಸದ್ದು ಅರ್ಥವಾಗುತ್ತದೆ, ಅಲ್ವಾ? ಭಾಷಣ ಬೇಕಾಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಗೋರೆ ಜೈಲು ಸೇರಿದರು. 1977ರ ಚುನಾವಣೆಯಲ್ಲಿ ಇಬ್ಬರೂ ಮುಂಬೈಯಿಂದಲೇ ಲೋಕಸಭೆಗೆ ಗೆದ್ದು ಬಂದರು.