ವಕೀಲರ ಫೀಸು ಮತ್ತು ಅಪ್ಪನ ಡೈರಿ

ತಿಪಟೂರು ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅಜ್ಜನ ಕಾಲದ ತೆಂಗಿನ ತೋಟ. ತಂದೆ ತೀರಿಕೊಂಡ ಮೇಲೆ ಅಣ್ಣ ತನ್ನೊಬ್ಬನ ಹೆಸರಿಗೇ ಪಹಣಿ ಮಾಡಿಸಿಕೊಂಡಿದ್ದಾನೆ. ಈಗ ಯಾರ್ಯಾರಿಗೋ ತೋಟ ತೋರಿಸುತ್ತಿದ್ದಾನೆ. ಇವರಿಗೂ ಇವರ ತಾಯಿಗೂ ಒಂದು ಮಾತೂ ಹೇಳಿಲ್ಲ. ಕೋರ್ಟಿನ ಹತ್ತಿರ ಒಬ್ಬ ಸಿಕ್ಕಿ, "ಒಳ್ಳೇ ಲಾಯರ್ ಕೊಡಿಸ್ತೀನಿ, ಮೊದಲು ಅರವತ್ತು ಸಾವಿರ ಕೊಡಿ, ಗೆದ್ದ ಮೇಲೆ ನಿಮ್ಮ ಪಾಲಿನಲ್ಲಿ ಕಾಲು ಭಾಗ ಅವರಿಗೆ" ಎಂದನಂತೆ. ಅವರ ಪ್ರಶ್ನೆ: "ಇದು ಸರಿಯಾದ ರೇಟಾ? ವಕೀಲರನ್ನು ಹುಡುಕುವುದು ಹೇಗೆ? ಸರ್ಕಾರದ ಕಡೆಯಿಂದ ಪುಕ್ಕಟೆ ವಕೀಲರು ಸಿಗುತ್ತಾರಂತೆ, ಆದರೆ ಪುಕ್ಕಟೆ ಅಂದ್ರೆ ಕೆಲಸವೂ ಹಾಗೇ ಅಲ್ವಾ?"

ಪ್ರಿಯ ಸೋದರಿ,

ಮೊದಲು ಆ ಮನುಷ್ಯನ ವಿಷಯ. ಅವನು ದಲ್ಲಾಳಿ. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂದು ಫೀಸು ಮಾತಾಡುವುದಕ್ಕೆ ನಮ್ಮ ದೇಶದಲ್ಲಿ ಅವಕಾಶವಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಅದನ್ನು ತಡೆಯುತ್ತದೆ. ವಕೀಲರು ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕೇಸು ಹಿಡಿಯುವಂತೆಯೂ ಇಲ್ಲ. ಹೀಗೆ ಕೇಸು ತರಿಸಿಕೊಳ್ಳುವವರು ಎಷ್ಟೇ ಬುದ್ಧಿವಂತರಾದರೂ ನಿಮಗೆ ಬೇಡ. ಅರವತ್ತು ಸಾವಿರ ಸರಿಯಾದ ರೇಟಾ ಎಂದು ಕೇಳಿದ್ದೀರಿ. ಅದರಲ್ಲಿ ಏನೇನು ಸೇರಿದೆ ಎಂದು ಅವನು ಹೇಳಿಲ್ಲ, ನೀವೂ ಕೇಳಿಲ್ಲ. ಹಾಗಿರುವಾಗ ಅದು ಕಮ್ಮಿಯೋ ಜಾಸ್ತಿಯೋ ನಾನು ಹೇಗೆ ಹೇಳಲಿ?

ಇಲ್ಲಿ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು. ನಮ್ಮಪ್ಪನಿಗೂ ಒಂದು ಜಮೀನಿನ ಕೇಸಿತ್ತು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವರ ಪಾಕೆಟ್ ಡೈರಿಗಳು ಸಿಕ್ಕವು. ಪ್ರತಿ ವಾಯಿದೆಯ ದಿನ ಒಂದು ಸಾಲು. "ವಕೀಲರಿಗೆ 200, ಗುಮಾಸ್ತರಿಗೆ 20, ಬಸ್ಸು 14, ಕಾಫಿ 3." ಮುಂದಿನ ವಾಯಿದೆಯ ತಾರೀಕು ಮಾತ್ರ ಕೆಂಪು ಶಾಯಿಯಲ್ಲಿ. ರಸೀದಿ ಅಂತ ಒಂದು ಚೂರು ಕಾಗದವಿಲ್ಲ. ಆಮೇಲೆ ನಾನು ಕೋರ್ಟಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಗೈರುಹಾಜರಿಯ ಕಾರಣಕ್ಕೆ ಕೇಸು ಎಂದೋ ವಜಾ ಆಗಿತ್ತು. ಅಪ್ಪನ ಡೈರಿಯಲ್ಲಿ ಅದಾದ ಮೇಲೂ ಒಂದೂವರೆ ವರ್ಷ "ವಕೀಲರಿಗೆ 200" ಇದೆ. ಅವರು ಕೋರ್ಟ್ ಹಾಲಿನೊಳಗೆ ಹೋಗುತ್ತಿರಲಿಲ್ಲ. ವಕೀಲರ ಆಫೀಸಿನ ಬೆಂಚಿನ ಮೇಲೆ ಕೂತು, ತಾರೀಕು ಕೇಳಿಕೊಂಡು ಬರುತ್ತಿದ್ದರು. ಹೀಗೆ ವಜಾ ಆದರೆ, ಕೇಸು ಮತ್ತೆ ತೆರೆಯಿರಿ ಎಂದು ಅರ್ಜಿ ಹಾಕಲು ಇರುವುದು 30 ದಿನ. ನಮಗೆ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ಇವತ್ತು ಅಷ್ಟು ಕತ್ತಲೆ ಇಲ್ಲ. ದಾವೆ ಹೂಡಿದ ಮೇಲೆ ನಿಮ್ಮ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಬರುತ್ತದೆ. ಅದನ್ನು ಕೇಳಿ ಪಡೆದುಕೊಳ್ಳಿ. ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಕಳೆದ ಸಲ ಏನಾಯಿತು, ಎಲ್ಲ ಕಾಣುತ್ತದೆ. ಓದುವ ಮಕ್ಕಳಿದ್ದರೆ ಅವರ ಕೈಲಿ ನೋಡಿಸಿ. ನಂಬರ್ ಕೊಡಲು ಸತಾಯಿಸುವ ವಕೀಲರಿದ್ದರೆ ನನಗೆ ಅಲ್ಲೇ ಅನುಮಾನ ಶುರುವಾಗುತ್ತದೆ.

ಈಗ ಪುಕ್ಕಟೆ ವಕೀಲರ ಮಾತು. ಇದು ಯಾರದೋ ದಯೆಯಿಂದ ಸಿಗುವುದಲ್ಲ, ನಿಮ್ಮ ಹಕ್ಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಕಲಂ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ತೋಟ ಇದೆ, ಮೇಲಾಗಿ ಗಂಡನಿಗೆ ಸಂಬಳ ಬರುತ್ತೆ, ನಮಗೆಲ್ಲಿ ಕೊಡ್ತಾರೆ ಎಂದು ಬರೆದಿದ್ದೀರಿ. ಕೊಡುತ್ತಾರೆ. ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೂ ಆದಾಯ ನೋಡುವುದಿಲ್ಲ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅದರ ಮೇಲೆ ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರ, ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಅರ್ಜಿ ಕನ್ನಡದಲ್ಲಿ ಬರೆದರೆ ಸಾಕು. ನಿಮ್ಮ ತಾಯಿಗೆ ಬರೆಯಲು ಬಾರದಿದ್ದರೆ ಅವರು ಬಾಯಲ್ಲಿ ಹೇಳಿದ್ದನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಹೋಗುವ ಮೊದಲು ಕೇಳಬೇಕೆಂದರೆ 15100ಕ್ಕೆ ಫೋನ್ ಮಾಡಿ.

ಕೆಲಸವೂ ಹಾಗೇ ಅಲ್ವಾ ಎಂಬ ಅನುಮಾನ ಸುಳ್ಳು ಎಂದು ನಾನು ಹೇಳುವುದಿಲ್ಲ. ಸಮಿತಿ ತನ್ನ ಪಟ್ಟಿಯಿಂದ ಕೊಡುವ ಪ್ಯಾನೆಲ್ ವಕೀಲರಲ್ಲಿ ಶ್ರದ್ಧೆಯವರೂ ಇದ್ದಾರೆ, ಮುಂದೂಡುವುದರಲ್ಲೇ ಕಾಲ ಕಳೆಯುವವರೂ ಇದ್ದಾರೆ. ದುಡ್ಡು ತಗೊಳ್ಳುವವರಲ್ಲೂ ಎರಡೂ ಥರದವರಿದ್ದಾರಲ್ಲ! ವ್ಯತ್ಯಾಸ ಏನೆಂದರೆ, ಪ್ಯಾನೆಲ್ ವಕೀಲರು ಸರಿಯಿಲ್ಲ ಎನಿಸಿದರೆ ಸಮಿತಿಗೆ ಹೇಳಿ ಬೇರೆಯವರನ್ನು ಕೇಳಬಹುದು. ಪಟ್ಟಿಯಲ್ಲಿ ಇಂಥವರೇ ಬೇಕು ಎಂದೂ ಕೇಳಿಕೊಳ್ಳಬಹುದು. ಅವರು ನಿಮ್ಮಿಂದ ಒಂದು ರೂಪಾಯಿ ಫೀಸೂ ಕೇಳುವಂತಿಲ್ಲ.

ಇಲ್ಲ, ನಾನು ದುಡ್ಡು ಕೊಟ್ಟೇ ಇಟ್ಟುಕೊಳ್ಳುತ್ತೇನೆ ಎನ್ನುವುದಾದರೆ ಒಂದು ದಿನ ಸುಮ್ನೆ ಕೋರ್ಟಿಗೆ ಹೋಗಿ ಕೂತುಕೊಳ್ಳಿ. ಸಿವಿಲ್ ಕೇಸು ನಡೆಯುವ ಹಾಲಿನಲ್ಲಿ ಹಿಂದಿನ ಬೆಂಚು. ಕಲಾಪ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಯಾರು ಫೈಲು ಓದಿಕೊಂಡು ಬಂದಿದ್ದಾರೆ, ಯಾರು ಬರೀ ಟೈಮ್ ಕೇಳಿಕೊಂಡು ಹೋಗುತ್ತಾರೆ ಎಂಬುದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ. ನಿಮ್ಮೂರಲ್ಲಿ ಭಾಗದ ಕೇಸು ಮುಗಿಸಿಕೊಂಡವರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಸೋತವರನ್ನೂ ಕೇಳಿ. ಸೋತರೂ "ಪಾಪ, ಅವರು ಚೆನ್ನಾಗೇ ನಡೆಸಿದರು" ಎನಿಸಿಕೊಂಡ ವಕೀಲರು ಸಿಕ್ಕರೆ ಅವರ ಮನೆ ಬಾಗಿಲು ತಟ್ಟಿ.

ಫೀಸು ಮಾತಾಡುವಾಗ ಸಂಕೋಚ ಬೇಡ. ಭಾಗದ ದಾವೆಯಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕೇಸು ಗೆದ್ದೆವು ಎಂದುಕೊಳ್ಳುವಾಗ ಕೈಗೆ ಬರುವುದು ಸಾಮಾನ್ಯವಾಗಿ ಪ್ರಾಥಮಿಕ ಡಿಕ್ರಿ. ಇಂತಿಂಥವರಿಗೆ ಇಷ್ಟಿಷ್ಟು ಪಾಲು ಎಂದು ಅದರಲ್ಲಿರುತ್ತದೆ ಅಷ್ಟೆ. ತೋಟದಲ್ಲಿ ಅಳತೆ ಮಾಡಿ, ಈ ಸಾಲಿನ ಮರ ನಿಮ್ಮದು ಎಂದು ಬಿಡಿಸಿಕೊಳ್ಳುವುದು ಇನ್ನೊಂದು ಹಂತ. ಅದಕ್ಕೆ ಬೇರೆ ಫೀಸು ಎಂದು ಆಗ ಹೇಳಿದರೆ ನೀವು ಏನು ಮಾಡುತ್ತೀರಿ? ಮೊದಲೇ ಕೇಳಿ: ಈ ಮೊತ್ತ ಎಲ್ಲಿಯವರೆಗೆ? ಅಣ್ಣ ಮಾರದಂತೆ ತಡೆಯಾಜ್ಞೆಗೆ ಹಾಕುವ ಅರ್ಜಿ ಇದರಲ್ಲೇ ಸೇರಿದೆಯಾ? ಕೋರ್ಟ್ ಫೀ, ಟೈಪಿಂಗ್, ನಕಲಿನ ಖರ್ಚು ಯಾರದು? ಒಟ್ಟು ಮೊತ್ತ ಮಾತಾಡಿ, ದಾವೆ ಹಾಕುವಾಗ ಇಷ್ಟು, ಸಾಕ್ಷಿ ಶುರುವಾದಾಗ ಇಷ್ಟು ಎಂದು ಕಂತಿನಲ್ಲಿ ಕೊಡುವುದು ವಾಸಿ. ವಾಯಿದೆಗೆ ಇಷ್ಟು ಎಂಬ ಲೆಕ್ಕ ನಮ್ಮಪ್ಪನದು. ಕೇಸು ಎಷ್ಟು ಎಳೆದರೆ ಅಷ್ಟು ಖರ್ಚು. ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಸಿ. ಕೊಡುವ ದುಡ್ಡು ಬ್ಯಾಂಕ್ ಮೂಲಕ ಹೋಗಲಿ.

ನಡುವೆ ವಕೀಲರನ್ನು ಬದಲಾಯಿಸಬೇಕು ಎನಿಸಿದರೆ ಬದಲಾಯಿಸಬಹುದು. ಫೀಸು ಬಾಕಿ ಇದೆ ಎಂದು ನಿಮ್ಮ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ, ಸುಪ್ರೀಂ ಕೋರ್ಟು 2000ದಲ್ಲೇ ಹೀಗೆ ಹೇಳಿದೆ. ದೂರು ಕೊಡಬೇಕಾದರೆ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಗ್ರಾಹಕರ ಕೋರ್ಟಿಗೆ ಹೋಗಲು ಬರುವುದಿಲ್ಲ, ಅದು 2024ರ ತೀರ್ಪು. ನನಗೇನೋ ಈ ತೀರ್ಪು ಹಿಡಿಸಲಿಲ್ಲ, ಆದರೆ ಈಗಿರುವ ಕಾನೂನು ಅದು.

ಕೇಸಿನ ಬಗ್ಗೆಯೂ ಎದೆಗುಂದಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ತೋಟ ಅಣ್ಣನೊಬ್ಬನದೇ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹಿಂದೆಯೇ ಏನಾದರೂ ಭಾಗಪತ್ರ ರಿಜಿಸ್ಟರ್ ಆಗಿತ್ತಾ ಎಂಬುದನ್ನು ಮಾತ್ರ ವಕೀಲರಿಗೆ ಮುಚ್ಚಿಡದೆ ಹೇಳಿ. ಅಣ್ಣ ಮಾತಿಗೆ ಬರುವ ಹಾಗಿದ್ದರೆ, ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿಗೆ ಕರೆಸಿ ಎಂದು ಅದೇ ಸಮಿತಿಯಲ್ಲಿ ಕೇಳಬಹುದು.

ಹೋಗುವಾಗ ಪಹಣಿ, ಮ್ಯುಟೇಶನ್ ನಕಲು, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಎಲ್ಲದರ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ತಾಯಿಯನ್ನೂ ಕರೆದುಕೊಂಡು ಹೋಗಿ, ಅವರಿಗೂ ಪಾಲಿದೆ. ಪತ್ರದ ಕೊನೆಯಲ್ಲಿ ಆ ದಲ್ಲಾಳಿಗೆ ಎರಡು ಖಾಲಿ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ ಕೊಟ್ಟಿದ್ದೇನೆ ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ. ಬೇರೆಲ್ಲಕ್ಕಿಂತ ಮೊದಲು ಅವನ್ನು ವಾಪಸ್ ಕೇಳಿ. ಕೊಡದಿದ್ದರೆ, ಸಮಿತಿಗೆ ಕೊಡುವ ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

— ಸಂ.